ಗಬ್ಬದ ನಾಯಿಗೊಂದು ನೋಟ್‌ಬುಕ್

ಮನೆಯ ನಾಯಿ ಗಬ್ಬವಾಯಿತೆಂದರೆ ಮಕ್ಕಳಿಗೆ ಹಬ್ಬ, ಅಪ್ಪ-ಅಮ್ಮನಿಗೆ ಆತಂಕ. ಎರಡಕ್ಕೂ ಒಂದು ನೋಟ್‌ಬುಕ್ ನೆರವಾಗುತ್ತದೆ. ಬರೆಯುವ ಕೆಲಸ ಮಕ್ಕಳದ್ದೇ ಆಗಲಿ.

ಮೊದಲ ಪುಟದಲ್ಲಿ ನಾಯಿ ಗಂಡಿನೊಡನೆ ಕೂಡಿದ ದಿನಾಂಕ ಬರೆಯಿರಿ. ಅಲ್ಲಿಂದ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ನಾಲ್ಕೈದು ದಿನ ಹಿಂದುಮುಂದಾಗಬಹುದು. ತಿಂಗಳು ತುಂಬುವ ಹೊತ್ತಿಗೆ ಪಶುವೈದ್ಯರು ಸ್ಕ್ಯಾನ್ ಮಾಡಿ ಗಬ್ಬವನ್ನು ಖಚಿತಪಡಿಸುತ್ತಾರೆ. ಕೊನೆಯ ವಾರದ ಎಕ್ಸ್‌ರೇಯಲ್ಲಿ ಮರಿಗಳನ್ನು ಎಣಿಸಬಹುದು. ಆ ಸಂಖ್ಯೆಯೂ ಪುಸ್ತಕದಲ್ಲಿರಲಿ. ಹೆರಿಗೆಯ ದಿನ ಒಳಗೆ ಮರಿ ಉಳಿದಿದೆಯೇ ಎಂದು ತಿಳಿಯಲು ಅದೇ ಆಧಾರ.

ಬಸುರಿಯೆಂದು ಮೊದಲ ದಿನದಿಂದಲೇ ತಿನ್ನಿಸಬೇಡಿ. ಐದು ವಾರ ಎಂದಿನ ಊಟವೇ ಸಾಕು. ಆಮೇಲೆ ನಿಧಾನವಾಗಿ ಹೆಚ್ಚಿಸಿ, ಸ್ವಲ್ಪ ಸ್ವಲ್ಪವಾಗಿ ಮೂರು-ನಾಲ್ಕು ಸಲ ಕೊಡಿ. ವೈದ್ಯರು ಹೇಳದೆ ಕ್ಯಾಲ್ಸಿಯಂ ಸಿರಪ್ ಕುಡಿಸಬೇಡಿ. ಗಬ್ಬದಲ್ಲಿ ಅದು ಅತಿಯಾದರೆ, ಬೇಕಾದಾಗ ಮೂಳೆಯಿಂದ ಕ್ಯಾಲ್ಸಿಯಂ ಪಡೆಯುವ ದೇಹದ ಶಕ್ತಿ ಕುಗ್ಗುತ್ತದೆ. ಮರಿಗಳು ಹಾಲು ಕುಡಿಯತೊಡಗಿದಾಗ ತಾಯಿಗೆ ನಡುಕ, ಸೆಳೆತ ಬರಬಹುದು. ಅದು ಪ್ರಾಣಕ್ಕೇ ಅಪಾಯ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹತ್ತು ದಿನ ಮೊದಲೇ ಓಡಾಟವಿಲ್ಲದ, ತಣ್ಣನೆಯ ಗಾಳಿ ಬೀಸದ ಮೂಲೆಯಲ್ಲಿ ತಾಯಿ ಕಾಲು ಚಾಚಿ ಮಲಗುವಷ್ಟು ದೊಡ್ಡ ಪೆಟ್ಟಿಗೆ ಇಡಿ. ಒಳಗೆ ಹಳೆಯ ಪತ್ರಿಕೆ, ಒಗೆದ ಹತ್ತಿ ಬಟ್ಟೆ ಹಾಸಿ. ಹುಟ್ಟಿದ ಮರಿಗೆ ಮೈ ಬೆಚ್ಚಗಿಟ್ಟುಕೊಳ್ಳುವ ಶಕ್ತಿಯಿಲ್ಲ. ಚಳಿಯೇ ಅದಕ್ಕೆ ಶತ್ರು.

ಕೊನೆಯ ವಾರ ದಿನಕ್ಕೆರಡು ಬಾರಿ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ. ಇದು ದೊಡ್ಡವರ ಕೆಲಸ. ಸುಮಾರು 101 ಡಿಗ್ರಿ ಫ್ಯಾರನ್‌ಹೀಟ್ ಇರುವುದು 99ಕ್ಕಿಂತ ಕೆಳಗಿಳಿದರೆ, ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ನಾಯಿ ನೆಲ ಕೆರೆಯುತ್ತದೆ, ಏದುಸಿರು ಬಿಡುತ್ತದೆ, ಊಟ ಬಿಡುತ್ತದೆ.

ಹೆರಿಗೆ ಶುರುವಾದ ಮೇಲೆ ಮನೆಯವರೊಬ್ಬರು ದೂರದಲ್ಲಿ ಸುಮ್ಮನೆ ಕುಳಿತರೆ ಸಾಕು. ನೆರೆಹೊರೆಯವರನ್ನು ಕರೆದು ತೋರಿಸಬೇಡಿ. ಪ್ರತಿ ಮರಿಯ ಹೊತ್ತನ್ನು ಬರೆದುಕೊಳ್ಳಿ. ಅರ್ಧ ಗಂಟೆ ಬಲವಾಗಿ ತಿಣುಕಿದರೂ ಮರಿ ಬಾರದಿದ್ದರೆ, ಒಳಗೆ ಮರಿ ಇದ್ದೂ ಎರಡು ಗಂಟೆ ಕಳೆದರೆ, ಮೊದಲ ಮರಿಗೂ ಮುನ್ನ ಹಸಿರು ಸ್ರಾವ ಕಂಡರೆ ವೈದ್ಯರಿಗೆ ಫೋನ್ ಮಾಡಿ. ನೀವೇ ಎಳೆಯಬೇಡಿ.

ರಾತ್ರಿಯೂ ಸಿಗುವ ಪಶುವೈದ್ಯರ ಫೋನ್ ನಂಬರು ನೋಟ್‌ಬುಕ್ಕಿನ ರಟ್ಟಿನ ಮೇಲೆ ಇಂದೇ ಬರೆದಿಡಿ.