ವಿದ್ಯಾರ್ಥಿಗಳಿಗೆ ಇನಾಮು

ಹಣವನ್ನಿತ್ತರೆ ಮಕ್ಕಳು ಓದುವರೇ ಎಂಬುದನ್ನು ಅಮೆರಿಕೆಯವರು ವಾದದಿಂದಲ್ಲ, ಪ್ರಯೋಗದಿಂದಲೇ ಪರೀಕ್ಷಿಸಿ ನೋಡಿದರು. ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ ಅವರ ವರದಿಯು 2011ರಲ್ಲಿ ಪ್ರಕಟವಾಯಿತು. ನ್ಯೂಯಾರ್ಕಿನಲ್ಲಿ ಏಳನೆಯ ತರಗತಿಯವರಿಗೆ ಪರೀಕ್ಷೆಯೊಂದಕ್ಕೆ 50 ಡಾಲರುಗಳವರೆಗೆ ಆಸೆ ತೋರಿಸಿದರು, ಕಲಿಕೆ ಏರಲಿಲ್ಲ. ಡಲ್ಲಾಸಿನಲ್ಲಿ ಎರಡನೆಯ ತರಗತಿಯವರಿಗೆ, ಓದಿ ಪ್ರಶ್ನೆಗಳಿಗೆ ಉತ್ತರವಿತ್ತ ಪುಸ್ತಕವೊಂದಕ್ಕೆ ಬರಿಯ 2 ಡಾಲರು; ಇಂಗ್ಲಿಷಿನಲ್ಲಿ ಪರೀಕ್ಷೆಗೆ ಕುಳಿತವರ ಓದು ಸುಧಾರಿಸಿತು. (ಸ್ಪ್ಯಾನಿಷಿನಲ್ಲಿ ಕುಳಿತವರ ಅಂಕಗಳು ಕುಗ್ಗಿದುವೆಂಬುದನ್ನು ಮಾತೃಭಾಷಾಭಿಮಾನಿಗಳು ಗಮನಿಸತಕ್ಕುದು.)

ಅಲ್ಪಧನವು ಗೆದ್ದು ಅಧಿಕಧನವು ಸೋತುದೇಕೆ? ಪುಸ್ತಕವನ್ನೋದುವುದು ಮಗುವಿನ ಕೈಯಲ್ಲಿದೆ. ಅಂಕವು ಅದರ ಕೈಯಲ್ಲಿಲ್ಲ. ಹೆಚ್ಚು ಗಳಿಸಲು ಏನು ಮಾಡುವಿರೆಂದು ಕೇಳಿದಾಗ ಹುಡುಗರು ಪರೀಕ್ಷೆಯನ್ನೆದುರಿಸುವ ಉಪಾಯಗಳನ್ನು ಹೇಳಿದರೇ ಹೊರತು, ಪಾಠವನ್ನು ಹೆಚ್ಚು ಓದುವೆವೆನ್ನಲಿಲ್ಲ. ದಾರಿಯನ್ನೇ ಅರಿಯದವನಿಗೆ ಗುರಿಯ ಬಳಿ ಗಂಟನ್ನಿಟ್ಟರೆ ಪ್ರಯೋಜನವೇನು?

ನಮ್ಮಲ್ಲಿಯೂ ಹತ್ತನೆಯ ತರಗತಿಯ ಫಲಿತಾಂಶವು ಹೊರಬಿದ್ದೊಡನೆ ಶಾಲು, ಫಲಕ, ನಗದುಗಳ ಸಭೆಗಳಿಗೆ ಬರವಿಲ್ಲ. ಅಲ್ಲಿ ವೇದಿಕೆಯನ್ನೇರುವವರು ಬಹುಮಟ್ಟಿಗೆ ಇನಾಮಿಲ್ಲದೆಯೂ ಓದುತ್ತಿದ್ದವರೇ. ಆ ಹಣದ ಒಂದಂಶವನ್ನಾದರೂ ಕೆಳತರಗತಿಗಳ ವಾಚನಕ್ಕೆ ಮೀಸಲಿಡಬೇಕೆಂದು ಶಿಕ್ಷಣ ಇಲಾಖೆಯವರನ್ನೂ ದಾನಿಗಳನ್ನೂ ನಾವು ಒತ್ತಾಯಪಡಿಸುತ್ತೇವೆ; ಪುಸ್ತಕಗಳು ಮಾತ್ರ ಕನ್ನಡದವಾಗಿರಲಿ.