ಡಿ ಡ್ರೈವ್‌ನಲ್ಲಿ ಹಾಕಿಟ್ಟರೆ ಬ್ಯಾಕಪ್ ಆದಂತೆಯೇ?

ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ಮುಗಿಯುವ ಹೊತ್ತಿಗೆ ಮನೆಮಂದಿಯ ಮೊಬೈಲ್‌ಗಳು ಫೋಟೊಗಳಿಂದ ತುಂಬಿರುತ್ತವೆ. ಅವನ್ನು ಕಂಪ್ಯೂಟರಿಗೆ ಸಾಗಿಸಿ, ಮೊಬೈಲ್‌ನಲ್ಲಿ ಅಳಿಸಿ, ‘ಬ್ಯಾಕಪ್ ಆಯಿತು’ ಎಂದು ನಿಶ್ಚಿಂತರಾಗುತ್ತೇವೆ. ಆದರೆ ಇದು ಬ್ಯಾಕಪ್ ಅಲ್ಲ, ಬರೀ ಸ್ಥಳಾಂತರ. ಮೊದಲೂ ಒಂದೇ ಪ್ರತಿ ಇತ್ತು, ಈಗಲೂ ಒಂದೇ.

ಒಂದೇ ಪ್ರತಿಯ ಅಪಾಯ ಈ ಊರಿಗೆ ಹೊಸದಲ್ಲ. ಇಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ವಚನಗಳ ತಾಳೆಗರಿ ಹುಡುಕಿಕೊಂಡು ಊರೂರು ಅಲೆದರು. ಯಾರದೋ ಮನೆಯಲ್ಲಿದ್ದ ಕಟ್ಟಿಗೆ ಗೆದ್ದಲು ಹಿಡಿದರೆ ಅದರಲ್ಲಿದ್ದದ್ದು ಅಲ್ಲಿಗೇ ಮುಗಿಯುವ ಭಯವಿತ್ತು. ಅವರು ಗರಿಗಳನ್ನು ಕೂಡಿಟ್ಟು ಸುಮ್ಮನಾಗಲಿಲ್ಲ, ಅಚ್ಚು ಹಾಕಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಬಂತು. ಮುಂದೆ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ನಡೆಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುಮಾಡಿದರು. ಪ್ರತಿಗಳು ಬೇರೆ ಬೇರೆ ಮನೆ ಸೇರಿದ ಮೇಲೆ ಒಂದು ಮನೆಯ ಗೆದ್ದಲು ಎಲ್ಲವನ್ನೂ ತಿನ್ನಲಾರದು. ಬ್ಯಾಕಪ್ ಎಂದರೆ ಇಷ್ಟೇ: ಮೊದಲ ಪ್ರತಿಯನ್ನು ಕೆಡಿಸಿದ ಕಾರಣವೇ ಎರಡನೆಯದನ್ನೂ ಕೆಡಿಸಬಾರದು.

ಡಿಸ್ಕ್ ಕೆಡುವುದೇಕೆ?

ಹಾರ್ಡ್ ಡಿಸ್ಕ್ ಒಳಗಿನ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಹೆಡ್ ಅವುಗಳ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಓಡುತ್ತಿರುವಾಗ ಕೆಳಗೆ ಬಿದ್ದರೆ ಹೆಡ್ ತಟ್ಟೆಗೆ ತಾಗಿ ಗೀರು ಬೀಳಬಹುದು. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಧೂಳು ತುಂಬಿದ ಕಂಪ್ಯೂಟರಿನ ಒಳಗೆ ಬಿಸಿ ಇನ್ನೂ ಹೆಚ್ಚು. ಕರೆಂಟ್ ದಿಢೀರನೆ ಹೋದರೆ ಬರೆಯುತ್ತಿದ್ದ ಫೈಲ್ ಅರ್ಧಕ್ಕೇ ನಿಲ್ಲಬಹುದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ಹಾಗಾಗಿ ಪೆಟ್ಟಿಗೆ ಅಂಜಬೇಕಿಲ್ಲ. ಆದರೆ ಮುನ್ಸೂಚನೆಯಿಲ್ಲದೆ ಪೂರ್ತಿ ನಿಂತುಹೋಗಬಲ್ಲದು. ಕರೆಂಟ್ ಕೊಡದೆ ವರ್ಷಗಟ್ಟಲೆ ಇಟ್ಟರೆ ಅದರ ವಿದ್ಯುದಂಶ ಸೋರಿ ಮಾಹಿತಿ ಕೆಡುವ ಸಾಧ್ಯತೆಯೂ ಇದೆ.

ಮೂರು ತಪ್ಪು ನಂಬಿಕೆಗಳು

‘ಡಿ ಡ್ರೈವ್‌ನಲ್ಲಿದೆ, ಭಯವಿಲ್ಲ.’ ಬಹಳಷ್ಟು ಮನೆಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗಗಳು. ವಿಂಡೋಸ್ ಮತ್ತೆ ಹಾಕಿಸುವಾಗ ಡಿ ಉಳಿಯಬಹುದು. ಡಿಸ್ಕೇ ಹೋದರೆ ಎರಡೂ ಹೋಗುತ್ತವೆ.

‘ಕ್ಲೌಡ್‌ನಲ್ಲಿ ತಾನಾಗಿಯೇ ಉಳಿಯುತ್ತದೆ.’ ಸಿಂಕ್ ಎಂದರೆ ಎರಡೂ ಕಡೆ ಒಂದೇ ಸ್ಥಿತಿ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಕಸದ ಬುಟ್ಟಿಯಿಂದ ಮರಳಿ ಪಡೆಯುವ ಅವಕಾಶಕ್ಕೂ ಗಡುವಿದೆ.

‘ಎಕ್ಸ್‌ಟರ್ನಲ್ ಡಿಸ್ಕ್ ಸದಾ ಚುಚ್ಚಿಟ್ಟಿದ್ದೇನೆ.’ 2017ರ ವಾನಾಕ್ರೈನಂಥ ರಾನ್ಸಮ್‌ವೇರ್ ಹೊಕ್ಕರೆ ಕಂಪ್ಯೂಟರಿಗೆ ಜೋಡಿಸಿದ ಡಿಸ್ಕನ್ನೂ ಬೀಗ ಹಾಕಿಬಿಡುತ್ತದೆ. ಕೆಲಸ ಮುಗಿದ ಮೇಲೆ ಬಿಚ್ಚಿಡಬೇಕು.

ಹಾಗಾದರೆ ಯಾವುದನ್ನು ಆರಿಸಬೇಕು?

ನಿಮ್ಮಲ್ಲಿ 200 ಜಿಬಿ ಇದೆ ಎನ್ನಿ. ಸೆಕೆಂಡಿಗೆ 100 ಎಂಬಿ ವೇಗದ ಎಕ್ಸ್‌ಟರ್ನಲ್ ಡಿಸ್ಕಿಗೆ ಇದು ಅರ್ಧ ತಾಸಿನ ಸುಮಾರಿಗೆ ನಕಲಾಗುತ್ತದೆ. ಸಣ್ಣ ಫೈಲ್‌ಗಳೇ ಹೆಚ್ಚಿದ್ದರೆ ಇನ್ನಷ್ಟು ಹೊತ್ತು. ಅದೇ 10 ಎಂಬಿಪಿಎಸ್ ಅಪ್‌ಲೋಡ್ ವೇಗದ ಇಂಟರ್ನೆಟ್‌ನಲ್ಲಿ ಕ್ಲೌಡ್‌ಗೆ ಕಳಿಸಲು ಸುಮಾರು 44 ತಾಸು ಬೇಕು. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಮುಂದಕ್ಕೆ ಹಣ. ಹಾಗಾಗಿ ಎಲ್ಲವನ್ನೂ ಡಿಸ್ಕಿಗೆ ಹಾಕಿ. ಜಮೀನಿನ ಉತಾರ, ಅಂಕಪಟ್ಟಿ, ಪಿಂಚಣಿ ಕಾಗದ, ಹಿರಿಯರ ಫೋಟೊಗಳಂತಹ ಮತ್ತೆ ಸಿಗದವನ್ನು ಕ್ಲೌಡ್‌ಗೂ ಹಾಕಿ.

ಇದಕ್ಕೆ 3-2-1 ಎಂಬ ಸುಲಭ ಸೂತ್ರವಿದೆ: ಮೂಲ ಸೇರಿ 3 ಪ್ರತಿ, 2 ಬಗೆಯ ಸಾಧನ, 1 ಪ್ರತಿ ಮನೆಯಿಂದ ಹೊರಗೆ. ಕ್ಲೌಡ್ ಬೇಡವೆನಿಸಿದರೆ ಪಾಸ್‌ವರ್ಡ್ ಹಾಕಿದ ಇನ್ನೊಂದು ಡಿಸ್ಕನ್ನು ತಿಕೋಟಾದಲ್ಲೋ ಬಬಲೇಶ್ವರದಲ್ಲೋ ಇರುವ ಅಕ್ಕನ ಮನೆಯಲ್ಲಿಡಿ. ಹಬ್ಬಕ್ಕೆ ಹೋದಾಗ ಹೊಸ ಫೋಟೊ ಸೇರಿಸಿ ಬನ್ನಿ.

ನಕಲು ಮಾಡುವುದನ್ನು ನೆನಪಿಡಲು ಆಗದಿದ್ದರೆ ವಿಂಡೋಸ್‌ನ ಫೈಲ್ ಹಿಸ್ಟರಿ, ಮ್ಯಾಕ್‌ನ ಟೈಮ್ ಮಷೀನ್ ಆ ಕೆಲಸ ಮಾಡುತ್ತವೆ. ಇವು ಫೈಲ್‌ಗಳ ಹಳೆಯ ರೂಪವನ್ನೂ ಇಟ್ಟುಕೊಳ್ಳುತ್ತವೆ. ಕೊನೆಯದಾಗಿ, ಆರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ನಾಲ್ಕಾರು ಫೈಲ್ ಮರಳಿ ತೆಗೆದು ತೆರೆದು ನೋಡಿ. ತೆರೆಯದಿದ್ದರೆ, ಮೂಲ ಇನ್ನೂ ಕೈಯಲ್ಲಿರುವಾಗಲೇ ಅದು ಗೊತ್ತಾಗಲಿ.