ಮೊದಲ ಡರ್ಟ್ ಬೈಕು ಬೀಳೋಕೆ ತಗೊಳ್ಳಿ, ತೋರಿಸೋಕಲ್ಲ

ಭಾಗ 1/7

ಮೊನ್ನೆ ಕಾಲೇಜ್ ಪಾರ್ಕಿಂಗ್‌ನಲ್ಲಿ ಒಬ್ಬ ಜೂನಿಯರ್ ತಡೆದು ಕೇಳಿದ. "ಅಣ್ಣಾ, ಆಫ್‌ರೋಡ್ ಶುರು ಮಾಡ್ಬೇಕು. ಹಿಮಾಲಯನ್ 450 ತಗೊಳ್ಳಲಾ, 390 ತಗೊಳ್ಳಲಾ?"

ಮಣ್ಣಲ್ಲಿ ಇದುವರೆಗೂ ಎಷ್ಟು ಓಡಿಸಿದ್ದೀಯಪ್ಪಾ ಅಂದೆ.

"ಓಡಿಸಿಲ್ಲ ಅಣ್ಣ. ರೀಲ್ಸ್ ನೋಡಿದ್ದೀನಿ."

ನಂಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡ್ಕೊಂಡು ಸೀನಿಯರ್‌ಗಳ ಹಿಂದೆ ಅಲೆದಿದ್ದೆ. ಒಬ್ಬರೂ ನೇರ ಉತ್ತರ ಕೊಡಲಿಲ್ಲ. ಎಲ್ಲರೂ ಸಿಸಿ ಹೇಳಿದ್ರು, ಪವರ್ ಹೇಳಿದ್ರು, ಲಡಾಖ್ ಹೇಳಿದ್ರು. ಬಿದ್ದಾಗ ಏನಾಗುತ್ತೆ ಅಂತ ಯಾರೂ ಹೇಳಲಿಲ್ಲ.

ಅದಕ್ಕೇ ಈ ಸರಣಿ. ನನ್ನ ವಾದ ಇಷ್ಟೇ: ಮೊದಲ ಡರ್ಟ್ ಬೈಕಿನ ಅರ್ಹತೆ ಅದು ಎಷ್ಟು ಜೋರಾಗಿ ಓಡುತ್ತೆ ಅನ್ನೋದಲ್ಲ. ಬಿದ್ದಾಗ ಅದನ್ನ ನೀವೊಬ್ಬರೇ ಎತ್ತೋಕಾಗುತ್ತಾ ಅನ್ನೋದು. ಆಗಲ್ಲ ಅಂದ್ರೆ ಅದು ಎಷ್ಟೇ ಒಳ್ಳೆ ಗಾಡಿ ಆಗಿರಲಿ, ನಿಮ್ಮ ಮೊದಲ ಗಾಡಿ ಅಲ್ಲ.

ಕೋಪ ಬಂತಾ? ಬರಲಿ. ಮುಂದಿನ ಪೋಸ್ಟ್ ಓದಿ, ಆಮೇಲೆ ಬೈಯ್ಯಿರಿ.

ಭಾಗ 2/7

ನನ್ನ ಕಥೆ ಚಿಕ್ಕದು. ದೊಡ್ಡಪ್ಪನ ಮಗನ ಹತ್ರ ಇನ್ನೂರು ಕೆಜಿ ಹತ್ತಿರದ ಒಂದು ಅಡ್ವೆಂಚರ್ ಬೈಕ್ ಇತ್ತು. ಬೇಸಿಗೆ ರಜೆ, ಊರ ಕೆರೆ ಒಣಗಿತ್ತು. ಕೆರೆ ಅಂಗಳದಲ್ಲಿ ಒಂದು ರೌಂಡ್ ಹೊಡೀತೀನಿ ಅಂತ ಕೀ ಇಸ್ಕೊಂಡೆ. ಕಾಲಲ್ಲಿ ಕ್ಯಾನ್ವಾಸ್ ಶೂ.

ಸ್ಪೀಡ್ ಇರಲಿಲ್ಲ ಕಣ್ರೋ, ಇಪ್ಪತ್ತೂ ಇರಲಿಲ್ಲ. ಮೇಲೆ ಒಣಗಿ ಕಂಡ ಮಣ್ಣು ಒಳಗೆ ಇನ್ನೂ ಹಸಿ ಇತ್ತು. ಮುಂದಿನ ಚಕ್ರ ಹೂತ್ಕೊಳ್ತು, ಹ್ಯಾಂಡಲ್ ತಿರುಗ್ತು, ಬ್ಯಾಲೆನ್ಸ್ ಮಾಡೋಕೆ ಕಾಲು ಕೊಟ್ಟೆ. ಇನ್ನೂರು ಕೆಜಿ ಕಾಲು ಕೊಟ್ರೆ ನಿಲ್ಲುತ್ತಾ? ಪಾದದ ಮೇಲೇ ಮಲಗ್ತು.

ಎಳೆಯೋಕಾಗಲಿಲ್ಲ, ಎತ್ತೋಕಾಗಲಿಲ್ಲ. ಸೈಲೆನ್ಸರ್ ಬಿಸಿ ಪ್ಯಾಂಟಿಗೆ ತಾಗ್ತಾ ಇತ್ತು. ದೂರದಲ್ಲಿ ಕುರಿ ಮೇಯಿಸ್ತಿದ್ದ ಅಜ್ಜ ಓಡಿ ಬಂದು ಎತ್ತದೇ ಇದ್ದಿದ್ರೆ ಏನಾಗ್ತಿತ್ತೋ.

ಪಾದದ ಕೀಲಲ್ಲಿ ಬಿರುಕು. ಆರು ವಾರ ಪ್ಲಾಸ್ಟರ್. ಒಂದು ಇಂಟರ್ನಲ್ಸ್ ಹೋಯ್ತು. ಅಮ್ಮ ನಂಗೆ ಒಂದು ಮಾತೂ ಬೈಯ್ಯಲಿಲ್ಲ. ರಾತ್ರಿ ಅಡುಗೆಮನೇಲಿ ಒಬ್ಬಳೇ ಕೂತು ಆಸ್ಪತ್ರೆ ಬಿಲ್ಲು ಕೂಡಿಸ್ತಿದ್ದಳು, ಅದು ಬೈಗುಳಕ್ಕಿಂತ ಜೋರಾಗಿತ್ತು.

ಬೈಕಿನ ತಪ್ಪಲ್ಲ ಅದು. ಆ ಬೈಕು ನನ್ನ ಅಣ್ಣನಿಗೆ ಸರಿ ಇತ್ತು. ನಂಗೆ ಸರಿ ಇರಲಿಲ್ಲ.

ಭಾಗ 3/7

ಈಗ ಲೆಕ್ಕಕ್ಕೆ ಬರೋಣ. ಪೆಟ್ರೋಲು, ಆಯಿಲ್ ಎಲ್ಲಾ ತುಂಬಿದಾಗ ಹಿಮಾಲಯನ್ 450 ತೂಗೋದು 196 ಕೆಜಿ. 2019ರಲ್ಲಿ ಬಂದ ಎಕ್ಸ್‌ಪಲ್ಸ್ 200 ತೂಗೋದು 154. ಕವಾಸಾಕಿ ಕೆಎಲ್‌ಎಕ್ಸ್ 230 ತೂಗೋದು 139.

ಮೊದಲನೆಯದಕ್ಕೂ ಕೊನೆಯದಕ್ಕೂ 57 ಕೆಜಿ ವ್ಯತ್ಯಾಸ. ಒಂದು ಸಿಮೆಂಟ್ ಮೂಟೆ 50 ಕೆಜಿ. ಕಲಿಯೋ ದಿನಾನೇ ಒಂದು ಮೂಟೆ ಸಿಮೆಂಟ್ ಹಿಂದೆ ಕಟ್ಕೊಂಡು ಯಾರಾದ್ರೂ ಹೊರಡ್ತಾರಾ?

ಹಗುರ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ತಗೊಳ್ಳೋದೂ ತಪ್ಪು. ಕೆಎಲ್‌ಎಕ್ಸ್ ಸೀಟು ನೆಲದಿಂದ 880 ಮಿಲಿಮೀಟರ್ ಮೇಲಿದೆ. ಎಕ್ಸ್‌ಪಲ್ಸ್ 823. ಎತ್ತರ ಕಮ್ಮಿ ಇರೋರಿಗೆ ಆ 5.7 ಸೆಂಟಿಮೀಟರ್ ದೊಡ್ಡ ವಿಷಯ. ಎರಡೂ ಕಾಲು ಪೂರ್ತಿ ಊರಬೇಕಿಲ್ಲ, ಸೀಟಿನ ಒಂದು ಪಕ್ಕಕ್ಕೆ ಜರುಗಿ ಒಂದು ಕಾಲು ಗಟ್ಟಿಯಾಗಿ ಊರಿದ್ರೆ ಸಾಕು. ಆದ್ರೆ ಅದು ಸಮನೆಲದಲ್ಲಲ್ಲ, ಇಳಿಜಾರಲ್ಲಿ ಆಗ್ಬೇಕು. ಹುಡುಗೀರೇ, "ನಿನ್ ಹೈಟಿಗೆ ಸ್ಕೂಟಿ ಸಾಕು" ಅನ್ನೋರ ಮಾತು ಕೇಳ್ಬೇಡಿ. ಕೂತು ನೋಡಿ ನೀವೇ ತೀರ್ಮಾನ ಮಾಡಿ.

ನನ್ನ ಪರೀಕ್ಷೆ: ಗಾಡಿ ಇರೋ ಫ್ರೆಂಡ್‌ನ ಕೇಳ್ಕೊಂಡು, ಹುಲ್ಲಿನ ಮೇಲೆ ಹಳೇ ಹಾಸಿಗೆ ಹಾಕಿ ಮೆಲ್ಲಗೆ ಮಲಗಿಸಿ. ಎಂಜಿನ್ ಆಫ್, ಗೇರ್‌ನಲ್ಲಿರಲಿ. ಬಲಕ್ಕೆ ಬಿದ್ದಿದ್ರೆ ಎತ್ತೋಕೆ ಮುಂಚೆ ಸೈಡ್ ಸ್ಟ್ಯಾಂಡ್ ಬಿಚ್ಚಿಡಿ. ಸೀಟಿಗೆ ಬೆನ್ನು ಕೊಟ್ಟು, ಸೊಂಟದಿಂದಲ್ಲ, ತೊಡೆ ಬಲದಿಂದ ಎತ್ತಿ. ಒಂದು ಸಲ ಅಲ್ಲ, ಮೂರು ಸಲ. ಯಾಕಂದ್ರೆ ಮೊದಲ ದಿನ ನೀವು ಒಂದೇ ಸಲ ಬೀಳಲ್ಲ.

ಭಾಗ 4/7

ಸೀನಿಯರ್‌ಗಳ ದೊಡ್ಡ ಅಸ್ತ್ರ ಒಂದಿದೆ. "ಚಿಕ್ಕದು ತಗೊಂಡ್ರೆ ಆರೇ ತಿಂಗಳಿಗೆ ಬೋರ್ ಆಗುತ್ತೆ ಮಗಾ. ಒಂದೇ ಸಲ ದೊಡ್ಡದು ತಗೊಂಡುಬಿಡು."

ಈ ಮಾತಲ್ಲಿ ಸ್ವಲ್ಪ ಸತ್ಯ ಇದೆ, ಇಲ್ಲ ಅನ್ನಲ್ಲ. ಎಕ್ಸ್‌ಪಲ್ಸ್ 200 ಹೈವೇಲಿ ನೂರರ ಹತ್ರ ಏದುಸಿರು ಬಿಡುತ್ತೆ. ವಾರವಾರ ಬೆಂಗಳೂರಿಂದ ಗೋವಾ ಹೋಗೋರಿಗೆ ಅದು ಸಾಲಲ್ಲ. ಹಾಗಾದ್ರೆ ನಿಮಗೆ ಬೇಕಿರೋದು ಟೂರಿಂಗ್ ಬೈಕು. ಅದನ್ನ ಹಾಗಂತಲೇ ಕರೀರಿ, "ಆಫ್‌ರೋಡ್ ಕಲೀತೀನಿ" ಅನ್ನಬೇಡಿ.

ಆಫ್‌ರೋಡ್ ಕಲಿಯೋದು ಅಂದ್ರೆ ಏನು? ಫುಟ್‌ಪೆಗ್ ಮೇಲೆ ನಿಂತು ಓಡಿಸೋದು. ಒಂದನೇ ಗೇರಲ್ಲಿ ಕ್ಲಚ್ ಅರ್ಧ ಹಿಡಿದು ನಡಿಗೆ ವೇಗದಲ್ಲಿ ಎಂಟರ ಆಕಾರ ಸುತ್ತೋದು. ಇಳಿಜಾರಲ್ಲಿ ಹಿಂದಿನ ಬ್ರೇಕ್ ಎಷ್ಟು ಒತ್ತಿದ್ರೆ ಚಕ್ರ ಜಾರುತ್ತೆ ಅಂತ ಕಾಲಿಗೆ ಗೊತ್ತಾಗೋದು. 2019ರ ಎಕ್ಸ್‌ಪಲ್ಸ್‌ನಲ್ಲಿ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ ಇರೋದ್ರಿಂದ ಆ ಪಾಠ ಅದರಲ್ಲಿ ಸಲೀಸು. ಇದ್ಯಾವುದಕ್ಕೂ ನಲವತ್ತು ಕುದುರೆ ಬೇಕಾಗಿಲ್ಲ. ಜಾಸ್ತಿ ಪವರ್ ಇದ್ರೆ ತಪ್ಪು ಮುಚ್ಚಿಹೋಗುತ್ತೆ, ಇಲ್ಲಾಂದ್ರೆ ತಪ್ಪಿಗೆ ಶಿಕ್ಷೆ ದೊಡ್ಡದಾಗುತ್ತೆ.

ಮಳೆಗಾಲದಲ್ಲಿ ಮಲೆನಾಡಿಗೆ ಹೋಗಿ ನೋಡಿ. ಕೆಸರು ರಸ್ತೇಲಿ ಎರಡೂ ಕಡೆ ಹಾಲಿನ ಕ್ಯಾನ್ ನೇತುಹಾಕ್ಕೊಂಡು ಸ್ಪ್ಲೆಂಡರ್‌ನಲ್ಲಿ ಬರೋ ಅಣ್ಣನಿಗೆ ಯಾರೂ ಆಫ್‌ರೋಡರ್ ಅನ್ನಲ್ಲ. ನಮ್ಮಲ್ಲಿ ಯಾರೂ ಅವರ ಹಿಂದೆ ಐದು ನಿಮಿಷ ಹೋಗಲಾರೆವು.

ಇನ್ನೊಂದು ಮಾತು. "ದೊಡ್ಡದು ತಗೋ" ಅನ್ನೋನು ನಿಮ್ಮ ಇಎಂಐ ಕಟ್ಟಲ್ಲ.

ಭಾಗ 5/7

ದುಡ್ಡಿನ ವಿಷಯ. ನನ್ನ ಹತ್ರ ಟ್ಯೂಷನ್ ಹೇಳಿ ಕೂಡಿಟ್ಟಿದ್ದು, ಅಪ್ಪ ಕೊಟ್ಟಿದ್ದು ಎಲ್ಲಾ ಸೇರಿ 1,30,000 ರೂಪಾಯಿ ಇತ್ತು. 1,05,000ಕ್ಕೆ ಸೆಕೆಂಡ್ ಹ್ಯಾಂಡ್ ಎಕ್ಸ್‌ಪಲ್ಸ್ ತಗೊಂಡೆ. ಉಳಿದ 25,000 ಪೂರ್ತಿ ಗೇರ್‌ಗೆ ಹೋಯ್ತು: ಹೆಲ್ಮೆಟ್, ಮಂಡಿ ಗಾರ್ಡ್, ಮೊಣಕೈ ಗಾರ್ಡ್, ಗ್ಲೌಸ್, ಮತ್ತೆ ಬೂಟು. ಬೂಟಿಗೇ ಜಾಸ್ತಿ ಆಯ್ತು. ಯಾಕೆ ಅಂತ ಎರಡನೇ ಭಾಗ ಓದಿದೋರಿಗೆ ಹೇಳ್ಬೇಕಾಗಿಲ್ಲ.

"ಮೊದಲು ಬೈಕು, ಆಮೇಲೆ ನಿಧಾನಕ್ಕೆ ಗೇರ್" ಅನ್ನೋದು ನಮ್ಮ ವಯಸ್ಸಿನ ಅತಿ ದುಬಾರಿ ಸುಳ್ಳು. ಆ "ಆಮೇಲೆ" ಬರೋದು ಆಸ್ಪತ್ರೆಯಿಂದ ವಾಪಸ್ ಬಂದ ಮೇಲೆ.

ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದೋರು. 2021ರ ಡಕಾರ್‌ನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ಡಾಕ್ಟರುಗಳು ಅವರನ್ನ ಕೋಮಾದಲ್ಲಿಟ್ಟು ಚಿಕಿತ್ಸೆ ಮಾಡ್ಬೇಕಾಯ್ತು. ಅಷ್ಟು ಅನುಭವ, ಅಷ್ಟು ಒಳ್ಳೆ ಗೇರ್, ಹಿಂದೆ ಒಂದು ಟೀಮು, ಇಷ್ಟೆಲ್ಲಾ ಇದ್ದೋರಿಗೇ ಹೀಗೆ. ನಾವು ಚಪ್ಪಲಿ ಹಾಕ್ಕೊಂಡು ವ್ಹೀಲಿ ಮಾಡ್ತೀವಿ.

ಬಿಗ್ ಬಾಸ್‌ನಲ್ಲಿ ನೋಡಿದ ಅರವಿಂದ್ ಕೆ. ಪಿ. ನೆನಪಿದ್ದಾರಾ? ಅವರೂ 2019ರಲ್ಲಿ ಡಕಾರ್ ಮುಗಿಸಿದೋರೇ. ಮೈತುಂಬ ರಕ್ಷಾಕವಚ ಇಲ್ಲದೆ ಅಂಥೋರು ರೇಸಿಗಿಳಿಯಲ್ಲ. ಅಭಿಮಾನ ಇದ್ರೆ ಅದನ್ನೂ ಕಾಪಿ ಮಾಡಿ.

ಬಜೆಟ್‌ನಲ್ಲಿ ಗೇರ್ ಹಿಡಿಸ್ತಿಲ್ಲ ಅಂದ್ರೆ ಬೈಕು ದುಬಾರಿ ಆಯ್ತು ಅಂತ ಅರ್ಥ, ಗೇರ್ ಅಲ್ಲ.

ಭಾಗ 6/7

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದನ್ನ ಸೇವ್ ಮಾಡ್ಕೊಳ್ಳಿ.

ಫೋರ್ಕ್ ಮೇಲೆ ಎಣ್ಣೆ ಜಿನುಗಿದ್ಯಾ ನೋಡಿ. ಹಿಂದಿನ ಚಕ್ರ ಎತ್ತಿ ತಿರುಗಿಸಿ, ರಿಮ್ ಅಲ್ಲಾಡುತ್ತಾ, ಕಡ್ಡಿಗಳು ಸಡಿಲ ಇವೆಯಾ ನೋಡಿ. ಮುಂದಿನ ಚಕ್ರ ಮೇಲಿದ್ದಾಗ ಹ್ಯಾಂಡಲ್ ಮೆಲ್ಲಗೆ ತಿರುಗಿಸಿ, ನಡುವೆ ಎಲ್ಲಾದ್ರೂ ಕಚ್ಚಿದ್ರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ಏರ್ ಫಿಲ್ಟರ್ ಬಿಚ್ಚಿಸಿ. ಅದರ ಪೆಟ್ಟಿಗೆಯ ಒಳಗೆ, ಎಂಜಿನ್ ಕಡೆ ಧೂಳಿದ್ರೆ ಆ ಧೂಳು ಎಂಜಿನ್ ಹೊಟ್ಟೆಗೂ ಹೋಗಿದೆ, ಥ್ಯಾಂಕ್ಸ್ ಹೇಳಿ ಮನೆಗೆ ಬನ್ನಿ. ಆರ್‌ಸಿಲಿರೋ ಚಾಸಿ ನಂಬರ್ ಗಾಡಿ ಮೇಲಿನದಕ್ಕೆ ಹೋಲಿಸಿ. ಸಾಲ ಇದ್ರೆ ಬ್ಯಾಂಕಿನ ಎನ್‌ಒಸಿ, ಜೊತೆಗೆ ಫಾರ್ಮ್ 35. ಹೆಸರು ಬದಲಾಯಿಸೋಕೆ ಫಾರ್ಮ್ 29 ಮತ್ತು 30.

ಇನ್ನು "ನಂಬರ್ ಪ್ಲೇಟ್ ಇಲ್ಲದ ಪ್ಯೂರ್ ಡರ್ಟ್ ಬೈಕ್, ಅಗ್ಗಕ್ಕೆ ಕೊಡ್ತೀನಿ" ಅಂತ ಮೆಸೇಜ್ ಬರುತ್ತೆ. ಮೋಟೋಕ್ರಾಸ್ ರೇಸ್ ಬೈಕು ರಸ್ತೆಗೆ ರಿಜಿಸ್ಟರ್ ಆಗಲ್ಲ. ಮನೆ ಗೇಟಿಂದ ಆಚೆ ಪಿಕಪ್‌ನಲ್ಲೇ ಹೋಗ್ಬೇಕು. ಅದರ ಎಂಜಿನ್ ಕೆಲಸಕ್ಕೆ ಕಿಲೋಮೀಟರ್ ಲೆಕ್ಕ ಅಲ್ಲ, ಗಂಟೆ ಲೆಕ್ಕ. ಪೇಪರ್ ಇಲ್ಲದ ಗಾಡಿ ಎಲ್ಲಿಂದ ಬಂತು ಅಂತ ನಾಳೆ ಪೊಲೀಸರು ಕೇಳಿದ್ರೆ ಉತ್ತರ ಕೊಡ್ಬೇಕಾದೋರು ನೀವು, ಮಾರಿದೋನಲ್ಲ.

ಭಾಗ 7/7

ಕೊನೇದು, ಮತ್ತೆ ಇದೇ ನಂಗೆ ಮುಖ್ಯ. ಎಲ್ಲಿ ಓಡಿಸ್ತೀರಿ?

ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗೋದು ಅಪರಾಧ. ಪಶ್ಚಿಮ ಘಟ್ಟದ ಶೋಲಾ ಹುಲ್ಲುಗಾವಲು ನೋಡೋಕೆ ಖಾಲಿ ಮೈದಾನ ಅನ್ಸುತ್ತೆ. ಖಾಲಿ ಅಲ್ಲ. ಮಳೆ ನೀರನ್ನ ಹಿಡಿದಿಟ್ಟು ಹೊಳೆಗಳಿಗೆ ಬಿಡೋದು ಆ ಹುಲ್ಲು. ನಾಬಿ ಟೈರು ಕೊರೆದ ಗೆರೇಲಿ ಮೊದಲ ಮಳೆಗೇ ಮಣ್ಣು ಕೊಚ್ಚಿ ಹೋಗುತ್ತೆ. ನಿಮ್ಮ ಹದಿನೈದು ಸೆಕೆಂಡಿನ ರೀಲು ಮುಗಿದ ಮೇಲೂ ಆ ಗೆರೆ ಇರುತ್ತೆ.

ಕೊಯ್ಲಾದ ಮಾವನ ಹೊಲ ಇದೆ, ಕೇಳಿ ಓಡಿಸಿ. ದುಡ್ಡಿದ್ರೆ ಕಲಿಸೋ ಟ್ರ್ಯಾಕಿಗೆ ಒಂದು ದಿನ ಹೋಗಿ, ಕೆಲವು ಕಡೆ ಬೈಕೂ ಅವರೇ ಕೊಡ್ತಾರೆ. ಬೈಕು ತಗೊಳ್ಳೋಕೂ ಮುಂಚೆ ಆ ಒಂದು ದಿನ ಖರ್ಚು ಮಾಡಿದ್ರೆ ಲಕ್ಷ ಉಳಿದ್ರೂ ಉಳೀಬಹುದು. ಈ ಆಟ ನಮ್ದಲ್ಲ ಅಂತ ಕೆಲವರಿಗೆ ಅಲ್ಲೇ ಗೊತ್ತಾಗುತ್ತೆ, ಅದರಲ್ಲಿ ನಾಚಿಕೆ ಏನಿಲ್ಲ.

ಹೋದ ತಿಂಗಳು ಅದೇ ಕೆರೆ ಅಂಗಳಕ್ಕೆ ನನ್ನ ಗಾಡಿ ತಗೊಂಡು ಹೋಗಿದ್ದೆ. ಅದೇ ಮೆತ್ತನೆ ಮಣ್ಣಲ್ಲಿ ಮತ್ತೆ ಬಿದ್ದೆ. ಎದ್ದೆ, ಎತ್ತಿದೆ, ಹೊರಟೆ. ಕುರಿ ಅಜ್ಜ ಬೇವಿನ ಮರದ ಕೆಳಗೇ ಕೂತು ನೋಡ್ತಿದ್ರು, ಈ ಸಲ ಓಡಿ ಬರಲಿಲ್ಲ.

ಪಾರ್ಕಿಂಗ್‌ನಲ್ಲಿ ಕೇಳಿದ ತಮ್ಮಾ, ಇದು ನಿನಗೇ ಬರೆದಿದ್ದು. ಭಾನುವಾರ ಹೊಲಕ್ಕೆ ಬಾ. ನನ್ನ ಗಾಡೀನ ಮೂರು ಸಲ ಎತ್ತು, ಆಮೇಲೆ ಶೋರೂಮಿಗೆ ಹೋಗು. ಬೂಟು ನಾನು ಕೊಡ್ತೀನಿ, ಸೈಜ್ ಎಷ್ಟು ಅಂತ ಕಾಮೆಂಟ್ ಹಾಕು.

ಲೋನ್ ಅರ್ಜಿ ತುಂಬ್ತಾ ಕೂತಿರೋ ಫ್ರೆಂಡ್ ಇದ್ರೆ ಇವತ್ತೇ ಕಳಿಸಿ. ನಾಳೆ ಡೌನ್‌ಪೇಮೆಂಟ್ ಆಗಿಬಿಡುತ್ತೆ.

#ಮೊದಲಬೈಕು #ಮಣ್ಣಿನದಾರಿ #ಮೊದಲುಬೂಟು